ಲೇಸರ್ ಪಟ್ಟಿಗಳು ಕೊನೆಗೂ ಅಳಿಸಿದವು

ಕೊನೆಗೂ ಪಟ್ಟಿಗಳು ಮಾಯವಾದವು! ಸಣ್ಣ ತಂತಿಗೆ ಲೇಸರ್ ಬಿಟ್ಟರೆ ಅದರ ಎಡಬಲದಿಂದ ದಾಟಿದ ಬೆಳಕು ಗೋಡೆಯ ಮೇಲೆ ಬೆರೆತು ಕೆಂಪು-ಕಪ್ಪು ಪಟ್ಟಿಗಳು ಮೂಡುತ್ತವೆ. ಬೆಳಕು ಯಾವ ಕಡೆಯಿಂದ ಬಂತು ಅನ್ನೋ ಗುರುತು ಹಾಕಿದರೆ ಅವು ಅಳಿಯಬೇಕು. ಗುರುತು ಹಾಕೋದು ಪೋಲರೈಸರ್, ಅಂದರೆ ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ. ತಂತಿಯ ಎಡಕ್ಕೆ ಅಡ್ಡ ಪೋಲರೈಸರ್, ಬಲಕ್ಕೆ ಉದ್ದ ಪೋಲರೈಸರ್. ಗೋಡೆಯ ಮೇಲೆ ಬರೀ ಕೆಂಪು ಮಸುಕು.

ಉಳಿದದ್ದೆಲ್ಲ ಹಳೆಯ ಜೋಡಣೆಯೇ. 650 ನ್ಯಾನೊಮೀಟರ್ ಲೇಸರ್, ಇಲ್ಲೇ ಕಲಬುರಗಿಯ ಮೋಟಾರ್ ವೈಂಡಿಂಗ್ ಅಂಗಡಿಯಿಂದ ತಂದ 40 ಗೇಜ್ ತಾಮ್ರದ ತಂತಿ, ಕೆಳಗೆ ಅಲುಗಾಡದ ಶಹಾಬಾದ್ ಫರ್ಸಿ. 3 ಮೀಟರ್ ದೂರದ ಗೋಡೆಯಲ್ಲಿ ಪಟ್ಟಿಗಳ ನಡುವೆ ಸುಮಾರು 16 ಮಿಲಿಮೀಟರ್.

ಕಾಡಿದ್ದು ಪೋಲರೈಸರ್ ಹಾಳೆ. ಎರಡೂ ಕಡೆ ಇಟ್ಟರೂ ಪಟ್ಟಿಗಳು ಮಂಕಾಗಿ ಉಳಿಯುತ್ತಿದ್ದವು. ಲೇಸರನ್ನು 45 ಡಿಗ್ರಿಗೆ ತಿರುಗಿಸಿದೆ, ಹಾಳೆಯನ್ನು ಹೊಸದಾಗಿ ಕತ್ತರಿಸಿದೆ. ಜಪ್ಪಯ್ಯ ಅಂದರೂ ಹೋಗಲಿಲ್ಲ. ಸುಳಿವು ಸಿಕ್ಕಿದ್ದು ಟ್ಯೂಬ್‌ಲೈಟ್ ಕೆಳಗೆ. ಎರಡು ತುಂಡು ಒಂದಕ್ಕೊಂದು ಅಡ್ಡ ಹಿಡಿದರೆ ಕಪ್ಪು. ಒಂದನ್ನು ಮಗುಚಿ ಹಿಡಿದರೆ ನೀಲಿ, ಗುಲಾಬಿ! ಅಂದರೆ ಒಂದು ಮೈಗೆ ಇನ್ನೇನೋ ಅಂಟಿದೆ. ಉಗುರಿಂದ ಮೂಲೆ ಕೆರೆದಾಗ ಕಣ್ಣಿಗೇ ಕಾಣದಷ್ಟು ತಿಳಿಯಾದ ಪ್ಲಾಸ್ಟಿಕ್ ಪೊರೆ ಎದ್ದು ಬಂತು. ಮಾರಿದವರು "ಕವರ್ ಒಂದೇ ಕಡೆ ಇರೋದು, ಅದನ್ನ ಕಿತ್ತರೆ ಸಾಕು" ಅಂತ ಖಡಾಖಂಡಿತವಾಗಿ ಹೇಳಿದ್ದರು. ಇಂಥ ಮಾತಿಗೆ ದುಡ್ಡು ಬೇರೆ ಕೊಡಬೇಕು! ಆ ಪೊರೆ ಬೆಳಕು ಕಂಪಿಸುವ ದಿಕ್ಕನ್ನೇ (ಪೋಲರೈಸೇಶನ್) ತಿರುಚಿ, ಎಡದ ಗುರುತು ಬಲದ್ದರ ಜೊತೆ ಬೆರೆಯುವಂತೆ ಮಾಡುತ್ತಿತ್ತು.

ಕಿತ್ತೆ, ಪಟ್ಟಿ ಪೂರ್ತಿ ಹೋದವು. ಗೋಡೆಯ ಮುಂದೆ ಮೂರನೆಯ ಹಾಳೆಯನ್ನು 45 ಡಿಗ್ರಿ ಓರೆಯಾಗಿ ಹಿಡಿದೆ, ಗುರುತು ಅಳಿಸಿ ಪಟ್ಟಿ ವಾಪಸ್! ಇನ್ನೊಂದು ಕಡೆಗೆ ಓರೆ ಮಾಡಿದರೆ ಕಪ್ಪಿದ್ದಲ್ಲಿ ಕೆಂಪು, ಕೆಂಪಿದ್ದಲ್ಲಿ ಕಪ್ಪು.

ಅಕ್ಕನ ಮಗ ಕೇಳಿದ, "ಮಾಮಾ, ನಾವು ನೋಡಲಿಲ್ಲಂದ್ರ ಪಟ್ಟಿ ಬರ್ತಾವೇನು?" ಬರ್ತಾವೆ. ಖಾಲಿ ಕೋಣೆಯಲ್ಲಿ ಫೋನ್ ಇಟ್ಟು ಚಿತ್ರ ತೆಗೆದರೂ ಅದೇ. ಭೌತವಿಜ್ಞಾನಿ ವಿಗ್ನರ್ 1961ರಲ್ಲಿ ನೋಡುವವನ ಪ್ರಜ್ಞೆಯನ್ನೇ ಲೆಕ್ಕಕ್ಕೆ ತಂದರು. ಅದು ಬೇಕಿಲ್ಲ ಅಂತ ನನ್ನ ಅಭಿಪ್ರಾಯ. ದಾರಿಯ ಗುರುತು ಬೆಳಕಿನಲ್ಲಷ್ಟೇ ಇರುವ ತನಕ ಅಳಿಸಬಹುದು. ಅದು ಉಪಕರಣದ ಅಸಂಖ್ಯ ಅಣುಗಳಿಗೆ, ಸುತ್ತಲ ಗಾಳಿಗೆ ಹರಡಿತೋ, ಮುಗೀತು. ಮತ್ತೆ ಕೂಡಿಸಿ ತರೋಕೆ ಆಗಲ್ಲ. ಜರ್ಮನಿಯ ಭೌತವಿಜ್ಞಾನಿ ಝೇ 1970ರಲ್ಲಿ ಹಿಡಿದ ದಾರಿ ಇದು. ಆದರೂ ಇಷ್ಟು ಸಾಧ್ಯತೆಗಳಲ್ಲಿ ನಮಗೆ ಒಂದೇ ಯಾಕೆ ಕಾಣುತ್ತೆ ಅನ್ನೋದಕ್ಕೆ ಇದರಲ್ಲಿ ಉತ್ತರ ಇಲ್ಲ. ಜಗಳ ಇನ್ನೂ ನಡೆದಿರೋದು ಅಲ್ಲೇ.

ಇನ್ನೊಂದು ಮಾತು. ನನ್ನ ಪಟ್ಟಿಗಳಿಗೆ ಅಲೆಯ ಲೆಕ್ಕವೇ ಸಾಕು, ಫೋಟಾನ್ (ಬೆಳಕಿನ ಕಣ) ಬೇಕಿಲ್ಲ. ಹಾಗಾಗಿ ಮುಂದಿನದು ಮಂದ ಬೆಳಕಿನ ಪ್ರಯೋಗ. 1909ರಲ್ಲಿ ಭೌತವಿಜ್ಞಾನಿ ಜಿ. ಐ. ಟೇಲರ್ ಮಸಿ ಹಿಡಿದ ಗಾಜಿನಿಂದ ಬೆಳಕು ಕುಂದಿಸಿ, ಸೂಜಿಯ ನೆರಳಿಗೆ ಸುಮಾರು 3 ತಿಂಗಳು ಎಕ್ಸ್‌ಪೋಷರ್ ಕೊಟ್ಟರು. ಪಟ್ಟಿ ಹಾಗೇ ಬಂದವು! ನಾನು ವೆಲ್ಡಿಂಗ್ ಗಾಜು ಒಂದರ ಮೇಲೊಂದು ಇಡಬೇಕು ಅಂತಿದ್ದೇನೆ. ಬೀದರ್, ಯಾದಗಿರಿ ಕಡೆ ಯಾರ ಹತ್ರಾದ್ರೂ ಬಲ್ಬ್ ಮೋಡ್ (ಬೇಕಾದಷ್ಟು ಹೊತ್ತು ಶಟರ್ ತೆರೆದಿಡೋ ಸೌಲಭ್ಯ) ಇರುವ ಹಳೆಯ ಕ್ಯಾಮೆರಾ ಬಾಡಿ ಇದ್ದರೆ ತಿಳಿಸಿ, ಲೆನ್ಸ್ ಬೇಡ.