ಇದು ಗ್ಯಾಸ್ಟ್ರಿಕ್ಕೋ, ಹಾರ್ಟ್ ಅಟ್ಯಾಕೋ?

"ಡಾಕ್ಟ್ರೇ, ಎದೆ ಉರಿ ಬಂದಾಗ ಅದು ಗ್ಯಾಸ್ಟ್ರಿಕ್ಕೋ ಹಾರ್ಟ್ ಅಟ್ಯಾಕೋ ಅಂತ ಮನೆಯಲ್ಲೇ ತಿಳ್ಕೊಳ್ಳೋದು ಹೇಗೆ?"

ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವವನು. ರೋಗಿಗಳ ಮನೆಯವರು, ಸ್ನೇಹಿತರು, ಫೋನಿನಲ್ಲಿ ಮಾತಾಡುವ ನೆಂಟರು ಎಲ್ಲರದೂ ಇದೇ ಪ್ರಶ್ನೆ. ನನ್ನ ಉತ್ತರ ಕೇಳಿ ಹೆಚ್ಚಿನವರಿಗೆ ನಿರಾಸೆಯಾಗುತ್ತದೆ. ಎಷ್ಟೋ ಸಲ ಮನೆಯಲ್ಲಿ ಕೂತು ಇದನ್ನು ತೀರ್ಮಾನಿಸಲು ಆಗುವುದೇ ಇಲ್ಲ. ನಿಮಗಷ್ಟೇ ಅಲ್ಲ, ಇಸಿಜಿ ತೆಗೆಯದೆ ನನಗೂ ಆಗುವುದಿಲ್ಲ.

1912ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್, ಹೃದಯದ ರಕ್ತನಾಳ ಇದ್ದಕ್ಕಿದ್ದಂತೆ ಮುಚ್ಚಿಕೊಂಡರೆ ಏನೇನಾಗುತ್ತದೆ ಎಂದು ವಿವರಿಸಿ ಒಂದು ಲೇಖನ ಬರೆದರು. ಅದರಲ್ಲಿ 55 ವರ್ಷದ ಒಬ್ಬ ರೋಗಿಯ ಕಥೆ ಇದೆ. ಊಟವಾಗಿ ಒಂದು ಗಂಟೆಗೆ ಅವನಿಗೆ ಎದೆಯ ಕೆಳಭಾಗದಲ್ಲಿ ಜೋರು ನೋವು ಬಂತು, ಜೊತೆಗೆ ವಾಕರಿಕೆ. ತಿಂದದ್ದು ಒಗ್ಗಲಿಲ್ಲ ಎಂದುಕೊಂಡು ಗಂಟಲು ಕೆದಕಿ ತಾನೇ ವಾಂತಿ ಮಾಡಿಕೊಂಡ. ಮೂರು ದಿನ ತುಂಬುವ ಮೊದಲೇ ತೀರಿಹೋದ. ಶವಪರೀಕ್ಷೆ ಮಾಡಿದಾಗ ಹೃದಯದ ಎಡಬದಿಯ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಂಡಿತು. ನೂರಕ್ಕೂ ಹೆಚ್ಚು ವರ್ಷಗಳ ನಂತರ ಇವತ್ತೂ ಜನ ನನ್ನ ಮುಂದೆ ಬಂದು ಹೇಳುವುದು ಬಹುತೇಕ ಅದನ್ನೇ: "ಊಟ ಹೆಚ್ಚುಕಡಿಮೆ ಆಯ್ತು ಅಂದ್ಕೊಂಡೆ."

ಹಾಗೆ ಅಂದುಕೊಂಡದ್ದು ಅವರ ದಡ್ಡತನವಲ್ಲ. ನಮ್ಮ ದೇಹದ ಒಳಗಿನ ವ್ಯವಸ್ಥೆಯೇ ಹಾಗಿದೆ. ಹೃದಯದಿಂದಲೂ ಅನ್ನನಾಳದಿಂದಲೂ ಹೊರಡುವ ನೋವಿನ ನರಗಳು ಬೆನ್ನುಹುರಿಯಲ್ಲಿ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ನೋವು ಎಲ್ಲಿಂದ ಬಂತು ಎಂದು ಮಿದುಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ತೋಳು, ಕುತ್ತಿಗೆ, ದವಡೆಯಲ್ಲಿ ನೋವು ಕಾಣಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಹೃದಯದ ತಳಭಾಗವಂತೂ ವಪೆಯ (ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುವಿನ ಪರದೆ) ಮೇಲೆಯೇ ಕೂತಿದೆ, ಅದರ ಕೆಳಗೇ ಹೊಟ್ಟೆ. ಆ ಭಾಗಕ್ಕೆ ರಕ್ತ ನಿಂತರೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ವಾಕರಿಕೆ, ವಾಂತಿ, ತೇಗು ಎಲ್ಲವೂ ಬರಬಹುದು. ಗ್ಯಾಸಿನ ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹಗುರಾಯಿತು ಎಂಬ ಮಾತನ್ನೂ ನಾನು ನಂಬುವುದಿಲ್ಲ. ಹೃದಯಾಘಾತವಾದವರಿಗೂ ಆ ಮಾತ್ರೆಯಿಂದ ಆರಾಮ ಅನ್ನಿಸುವುದುಂಟು.

ಹಾಗಾದರೆ ಏನನ್ನು ಗಮನಿಸಬೇಕು? ಮೊದಲು 'ನೋವು' ಎನ್ನುವುದನ್ನೇ ಕಾಯುತ್ತ ಕೂರಬೇಡಿ. "ನೋವಿದೆಯಾ?" ಎಂದು ಕೇಳಿದರೆ ಎಷ್ಟೋ ರೋಗಿಗಳು ಇಲ್ಲ ಎನ್ನುತ್ತಾರೆ. "ನೋವಲ್ಲ ಡಾಕ್ಟ್ರೇ, ಏನೋ ಒತ್ತಿ ಹಿಡಿದ ಹಾಗೆ, ಭಾರ ಹೇರಿದ ಹಾಗೆ" ಎನ್ನುತ್ತಾರೆ. ಹಾಗೆ ಹೇಳುವಾಗ ಅವರ ಕೈ ನೋಡಿ. ಒಂದು ಬೆರಳಿನಿಂದ ಇಲ್ಲೇ ಎಂದು ತೋರಿಸುವುದಿಲ್ಲ. ಮುಷ್ಟಿ ಬಿಗಿದು ಎದೆಯ ನಡುವೆ ಇಡುತ್ತಾರೆ, ಇಲ್ಲವೇ ಅಂಗೈಯನ್ನು ಎದೆಯ ಅಗಲಕ್ಕೂ ಸವರುತ್ತಾರೆ. ಅಮೆರಿಕದ ಹೃದಯ ತಜ್ಞ ಸ್ಯಾಮ್ಯುಯೆಲ್ ಲಿವೈನ್ ಈ ಮುಷ್ಟಿಯನ್ನು ಗುರುತಿಸಿದ್ದರಿಂದ ವೈದ್ಯರು ಅದನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ.

ನನ್ನನ್ನು ಅದಕ್ಕಿಂತ ಹೆಚ್ಚು ಎಚ್ಚರಿಸುವುದು ಬೆವರು. ಫ್ಯಾನ್ ತಿರುಗುತ್ತಿದ್ದರೂ ಹಣೆಯ ಮೇಲೆ ಹನಿ ಹನಿಯಾಗಿ ತಣ್ಣನೆ ಬೆವರು, ಬೆನ್ನಿಗೆ ಅಂಟಿದ ಶರ್ಟು, ಬಿಳಿಚಿಕೊಂಡ ಮುಖ. ಅಂಥವರು ಬಾಗಿಲಲ್ಲಿ ಕಂಡರೆ ಹೆಸರು ಕೇಳುವ ಮೊದಲೇ ಇಸಿಜಿ ಯಂತ್ರ ತರಲು ಹೇಳುತ್ತೇನೆ. ಎಡಗೈ ನೋವಿನ ವಿಷಯ ಎಲ್ಲರಿಗೂ ಗೊತ್ತು. ಆದರೆ ಎರಡೂ ತೋಳಿಗೆ ಅಥವಾ ಬಲತೋಳಿಗೆ ಹರಡಿದ ನೋವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಅದಕ್ಕೂ ಅಷ್ಟೇ ಗಂಭೀರ ಅರ್ಥವಿದೆ. ಮೆಟ್ಟಿಲು ಹತ್ತುವಾಗ ಬಂದು ಕೂತರೆ ಕೆಲವೇ ನಿಮಿಷದಲ್ಲಿ ಹೋಗುವ ಬಿಗಿತ ರಕ್ತನಾಳ ಕಿರಿದಾಗಿರುವುದರ ಸೂಚನೆ, ತಡಮಾಡದೆ ತೋರಿಸಿಕೊಳ್ಳಬೇಕು. ಸುಮ್ಮನೆ ಕೂತಿದ್ದಾಗಲೇ ಬಂದದ್ದು, ವಿಶ್ರಾಂತಿ ತೆಗೆದುಕೊಂಡರೂ ಹೋಗದ್ದು, ದಿನದಿಂದ ದಿನಕ್ಕೆ ಕಡಿಮೆ ಶ್ರಮಕ್ಕೇ ಬರುತ್ತಿರುವುದು ಇದ್ದರೆ ಆಗಲೇ ಹೊರಡಬೇಕು. ಹದಿನೈದು ನಿಮಿಷ ಕಳೆದರೂ ಹೋಗದ ಬಿಗಿತವನ್ನು ಹೃದಯದ್ದಲ್ಲ ಎಂದು ಸಾಬೀತಾಗುವವರೆಗೆ ಹೃದಯದ್ದೆಂದೇ ನಾನು ಎಣಿಸುತ್ತೇನೆ.

ಎದೆಯ ಬಿಗಿತವೇ ಇಲ್ಲದೆಯೂ ಹೃದಯಾಘಾತವಾಗುತ್ತದೆ. ನನ್ನ ನಿಜವಾದ ಚಿಂತೆ ಹಾಗಾಗುವವರದೇ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ನೋವು ತಿಳಿಸುವ ನರಗಳೇ ಮಂಕಾಗಿರುತ್ತವೆ. ವಯಸ್ಸಾದವರಿಗೆ ಬರೀ ಉಬ್ಬಸ, ತಲೆಸುತ್ತು, ಗೊಂದಲ. ಹೆಂಗಸರಲ್ಲೂ ಎದೆಯ ಬಿಗಿತವೇ ಸಾಮಾನ್ಯ, ಆದರೆ ಅದರ ಜೊತೆ ಉಸಿರು ಸಾಲದಿರುವುದು, ವಿಪರೀತ ಸುಸ್ತು, ವಾಕರಿಕೆ, ಬೆನ್ನು ಅಥವಾ ದವಡೆ ನೋವು ಹೆಚ್ಚು. "ಕೆಲಸ ಜಾಸ್ತಿಯಾಗಿ ಸುಸ್ತು" ಎಂದು ಅಮ್ಮ ಮಲಗಿಬಿಡುತ್ತಾರೆ, ಮನೆಯವರೂ ಮಲಗಲಿ ಪಾಪ ಎಂದು ಬಿಡುತ್ತಾರೆ. ನಿನ್ನೆ ಮಾಡುತ್ತಿದ್ದ ಕೆಲಸ ಇವತ್ತು ಕಾರಣವಿಲ್ಲದೆ ಮಾಡಲಾಗುತ್ತಿಲ್ಲ ಎಂದರೆ ಒಂದು ಇಸಿಜಿ ತೆಗೆಸಿ. ನನ್ನ ಕಳಕಳಿಯ ಬೇಡಿಕೆ ಇದು.

"ಆರು ತಿಂಗಳ ಹಿಂದೆ ಟ್ರೆಡ್‌ಮಿಲ್ ಟೆಸ್ಟ್ ನಾರ್ಮಲ್ ಬಂದಿತ್ತಲ್ಲ?" ಎಂದೂ ಕೇಳುತ್ತಾರೆ. ಓಡುವ ಪಟ್ಟಿಯ ಮೇಲೆ ನಡೆಸುತ್ತ ಇಸಿಜಿ ನೋಡುವ ಆ ಪರೀಕ್ಷೆ ಹಿಡಿಯುವುದು ಸಾಕಷ್ಟು ಕಿರಿದಾದ ರಕ್ತನಾಳವನ್ನು. ಹೃದಯಾಘಾತವಾಗುವುದು ಒಳಗೋಡೆಯಲ್ಲಿ ಕೂತ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ರಕ್ತದ ಹರಿವಿಗೆ ಅಷ್ಟೇನೂ ಅಡ್ಡಿಯಾಗದಿದ್ದ ಪದರವೂ ಹೀಗೆ ಬಿರಿಯಬಹುದು.

ಅನುಮಾನ ಬಂದರೆ ಆಂಬುಲೆನ್ಸ್ ಕರೆಸಿ. ನೀವೇ ಗಾಡಿ ಓಡಿಸಬೇಡಿ, ಆಸ್ಪತ್ರೆ ಹತ್ತಿರ ಎಂದು ನಡೆಯಲೂ ಬೇಡಿ. ಆಸ್ಪಿರಿನ್ ಅಲರ್ಜಿ, ರಕ್ತಸ್ರಾವದ ತೊಂದರೆ, ಬೆನ್ನಿಗೆ ಸೀಳಿದಂಥ ನೋವು ಇವು ಯಾವುವೂ ಇಲ್ಲದಿದ್ದರೆ 300 ಮಿಲಿಗ್ರಾಂನಷ್ಟು ಆಸ್ಪಿರಿನ್ ಅಗಿದು ನುಂಗಬಹುದು. ಆಂಬುಲೆನ್ಸಿನವರನ್ನು ಫೋನಿನಲ್ಲೇ ಕೇಳಿಕೊಳ್ಳುವುದು ಇನ್ನೂ ಒಳ್ಳೆಯದು. 1988ರಲ್ಲಿ ಪ್ರಕಟವಾದ, ಹೃದಯಾಘಾತದ ಚಿಕಿತ್ಸೆ ಕುರಿತ ಐಸಿಸ್-2 ಎಂಬ ಅಧ್ಯಯನದಲ್ಲಿ 17,187 ರೋಗಿಗಳಿದ್ದರು. ಆಸ್ಪಿರಿನ್ ಒಂದರಿಂದಲೇ ಐದು ವಾರದೊಳಗಿನ ಹೃದಯ ಮತ್ತು ರಕ್ತನಾಳ ಸಂಬಂಧಿ ಸಾವು ಸುಮಾರು 23 ಶೇಕಡಾ ಕಡಿಮೆಯಾಗಿತ್ತು. ಪಕ್ಕದ ಮನೆಯವರು ಎದೆನೋವಿಗೆಂದು ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಮಾತ್ರ ಬೇಡ, ಅದರಿಂದ ಬಿಪಿ ಒಮ್ಮೆಲೇ ಕುಸಿಯಬಹುದು. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಸುತ್ತುತ್ತಲೇ ಇದೆ. ಅದು ಸುಳ್ಳು, ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ವ್ಯಕ್ತಿ ಕುಸಿದು, ಮಾತಿಗೆ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ ಹೃದಯ ನಿಂತಿದೆ ಎಂದರ್ಥ. ಎದೆಯ ನಡುವೆ ಎರಡೂ ಕೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಇಳಿಯುವಷ್ಟು ಬಲವಾಗಿ ಒತ್ತುತ್ತಿರಿ.

"ಹೋದ ಮೇಲೆ ಬರೀ ಗ್ಯಾಸ್ ಅಂತಾದ್ರೆ ಮರ್ಯಾದೆ ಏನಾಗುತ್ತೆ?" ಈ ಸಂಕೋಚದಲ್ಲಿ ಕಳೆದುಹೋಗುವ ಸಮಯ ನೆನೆದರೆ ನನಗೆ ಸಂಕಟವಾಗುತ್ತದೆ. ಮುಚ್ಚಿದ ರಕ್ತನಾಳವನ್ನು ಮೊದಲ ಎರಡು ಮೂರು ಗಂಟೆಯೊಳಗೆ ತೆರೆದರೆ ಉಳಿಸಿಕೊಳ್ಳುವಷ್ಟು ಹೃದಯದ ಸ್ನಾಯುವನ್ನು ಆಮೇಲೆ ಉಳಿಸಿಕೊಳ್ಳಲಾಗುವುದಿಲ್ಲ. ಗ್ಯಾಸ್ ಎಂದು ಗೊತ್ತಾದವರನ್ನು ಮನೆಗೆ ಕಳಿಸುವಾಗ ನಮ್ಮಲ್ಲಿ ಯಾರೂ ನಗುವುದಿಲ್ಲ, ನಮಗೂ ನಿರಾಳವಾಗುತ್ತದೆ.

ಆಸ್ಪತ್ರೆ ತಲುಪಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಆಗದಿದ್ದರೆ ಕೇಳಿ. ಮೊದಲ ಇಸಿಜಿ ಸರಿಯಿದೆ ಎಂದ ತಕ್ಷಣ ಚಪ್ಪಲಿ ಮೆಟ್ಟಿಕೊಳ್ಳಬೇಡಿ. ಆರಂಭದಲ್ಲಿ ಅದು ಸರಿಯಾಗಿಯೇ ಕಾಣಬಹುದು. ಹೃದಯದ ಸ್ನಾಯುವಿಗೆ ಪೆಟ್ಟಾದುದನ್ನು ತಿಳಿಸುವ ಟ್ರೋಪೋನಿನ್ ಎಂಬ ಪ್ರೋಟೀನ್ ರಕ್ತದಲ್ಲಿ ಏರಲೂ ಸಮಯ ಬೇಕು. ಅದಕ್ಕೇ ಒಂದೆರಡು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆಯುತ್ತೇವೆ, ಇಸಿಜಿಯನ್ನೂ ಮತ್ತೆ ನೋಡುತ್ತೇವೆ. ಎರಡನೆಯ ರಿಪೋರ್ಟ್ ಬರುವವರೆಗೆ ಅಲ್ಲೇ ಇರಿ. ಮನೆಗೆ ಬಂದ ಮೇಲೆ ಮಧ್ಯರಾತ್ರಿ ಮತ್ತೆ ಎದೆ ಬಿಗಿದರೆ, ಬೆಳಿಗ್ಗೆ ತಾನೇ ನಾರ್ಮಲ್ ಅಂದಿದ್ದರಲ್ಲ ಎಂದುಕೊಳ್ಳದೆ ಮತ್ತೆ ಬನ್ನಿ.