ಎಲ್‌ಕೆಜಿಗೆ ಮುನ್ನ ಮಗನಿಗೆ ಕಲಿಸುತ್ತಿರುವುದು

ಬರುವ ಜೂನ್‌ನಲ್ಲಿ ನನ್ನ ಮಗ ಎಲ್‌ಕೆಜಿಗೆ ಸೇರಲಿದ್ದಾನೆ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮದಿಂದ ಹಿಂದಕ್ಕೆ ಎಣಿಸಿದರೆ ಎಲ್‌ಕೆಜಿಗೆ 4 ವರ್ಷವಾಗುತ್ತದೆ. ಅವನಿಗೆ ಮಾರ್ಚ್‌ನಲ್ಲಿಯೇ ನಾಲ್ಕು ತುಂಬಿರುವುದರಿಂದ ಆ ಚಿಂತೆ ಇಲ್ಲ. ಆದರೆ ಕಲಬುರಗಿಯ ನಮ್ಮ ಓಣಿಯಲ್ಲಿ ಎದುರಾದವರೆಲ್ಲ ಕೇಳುವುದು ಒಂದೇ ಮಾತು: "ಎಬಿಸಿಡಿ ಬರ್ತಾವೇನ್ರಿ?" ಬರುವುದಿಲ್ಲ. ಅದನ್ನು ಕಲಿಸಲು ಶಾಲೆಯಿದೆ; ನಾನು ಕಲಿಸುತ್ತಿರುವುದು, ನಾನು ಜೊತೆಯಲ್ಲಿಲ್ಲದ ಹೊತ್ತಿನಲ್ಲಿ ಅವನಿಗೆ ಬೇಕಾಗುವ ಸಣ್ಣಪುಟ್ಟ ಸಂಗತಿಗಳನ್ನು.

ಹಿರಿಯ ಮಗಳ ವಿಷಯದಲ್ಲಿ ನಾನು ತಪ್ಪು ಮಾಡಿದ್ದೆ. ಮೊದಲ ದಿನ "ಚಾಕಲೇಟ್ ತರ್ತೀನಿ, ಇಲ್ಲೇ ಕೂಡು" ಎಂದು ಹೇಳಿ, ಅವಳು ಆಟಿಕೆಗಳ ಕಡೆ ತಿರುಗಿದಾಗ ಸದ್ದಿಲ್ಲದೆ ಹೊರಟುಬಂದೆ. ಅಳು ತಪ್ಪುತ್ತದೆ ಎಂದುಕೊಂಡಿದ್ದೆ. ಆದರೆ ಮುಂದಿನ ಹದಿನೈದು ದಿನ, ಬಟ್ಟೆ ಒಣಗಿಸಲು ಮಾಳಿಗೆಗೆ ಹೋದರೂ ಅವಳು ನನ್ನ ಸೆರಗನ್ನು ಬಿಡಲಿಲ್ಲ. ಅವಳನ್ನು ಅಷ್ಟು ಹೆದರಿಸಿದ್ದು ಶಾಲೆಯಲ್ಲ, ನಾನು ಹೇಳದೆ ಹೋದದ್ದು.

ಆದ್ದರಿಂದ ಈ ಸಲ ಮಗನನ್ನು ವಾರಕ್ಕೆ ಮೂರು ದಿನ ಅವನ ದೊಡ್ಡಮ್ಮನ ಮನೆಯಲ್ಲಿ ಬಿಟ್ಟುಬರುತ್ತಿದ್ದೇನೆ. ಗಡಿಯಾರ ತಿಳಿಯದ ಮಗುವಿಗೆ "ಹನ್ನೆರಡಕ್ಕೆ ಬರ್ತೀನಿ" ಎಂದರೆ ಅರ್ಥವಾಗುವುದಿಲ್ಲವಾದ್ದರಿಂದ, "ನೀ ಮೊಸರನ್ನ ಉಂಡ ಮ್ಯಾಲ ಬರ್ತೀನಿ" ಎಂದು ಅವನ ಮುಖ ನೋಡಿ ಹೇಳುತ್ತೇನೆ, ಮತ್ತು ಅವನು ತಟ್ಟೆ ಬಿಟ್ಟು ಏಳುವ ಹೊತ್ತಿಗೆ ತಪ್ಪದೆ ಬಾಗಿಲಲ್ಲಿರುತ್ತೇನೆ. ಮೊದಲೆರಡು ಸಲ ಜೋರಾಗಿ ಅತ್ತ. ಈಗ ಹೊರಡುವಾಗ "ಮೊಸರನ್ನ ಆದ ಮ್ಯಾಲ, ಹೌದಲ್ಲ?" ಎಂದು ತಾನೇ ಕೇಳುತ್ತಾನೆ.

ಎರಡನೆಯದು ಮಾತು. ಮನೆಯಲ್ಲಿ ಅವನು ಕಾಲು ಕುಣಿಸಿದರೆ ಸಾಕು, ಅಜ್ಜಿ ಎತ್ತಿಕೊಂಡು ಬಚ್ಚಲಿಗೆ ಓಡುತ್ತಾರೆ. ಮೂವತ್ತು ಮಕ್ಕಳ ನಡುವೆ ಟೀಚರ್‌ಗೆ ಅದು ಕಾಣುವುದೇ? "ಟೀಚರ್, ನನಗ ಒಂದಕ್ಕ ಬಂದದ" ಎಂದು ಬಾಯಿಬಿಟ್ಟು ಹೇಳುವುದನ್ನು ದಿನವೂ ಆಡಿಸುತ್ತೇವೆ. ಅಕ್ಕ ಟೀಚರ್ ಆಗುತ್ತಾಳೆ. ಬೇರೆ ಸೀಮೆಯಿಂದ ಬಂದ ಟೀಚರ್‌ಗೆ "ನೀರಡಿಕ್ಯಾಗ್ಯಾದ" ಎಂಬುದು ಹೊಸದಾಗಿ ಕೇಳಿಸಬಹುದೆಂದು "ನೀರು ಬೇಕು" ಎನ್ನುವುದನ್ನೂ ರೂಢಿ ಮಾಡಿಸಿದ್ದೇವೆ. ಜೂನ್ ಬಂದರೂ ನಮ್ಮ ಬಿಸಿಲು ಒಮ್ಮೆಲೇ ಇಳಿಯುವುದಿಲ್ಲವಾದ್ದರಿಂದ ಈ ಎರಡು ಶಬ್ದಗಳು ನನಗೆ ವರ್ಣಮಾಲೆಗಿಂತ ಮುಖ್ಯ.

ಚೊಣ್ಣದ ಗುಂಡಿಯ ಬದಲು ಎಲಾಸ್ಟಿಕ್ ಇರುವುದನ್ನು ತಂದೆವು. ಅದು ಅಲ್ಲಿಗೆ ಮುಗಿಯಿತು. ಡಬ್ಬಿಯದು ಮುಗಿಯಲಿಲ್ಲ. ಮೊದಲು ತಂದ ಸ್ಟೀಲ್ ಡಬ್ಬಿಗೆ ಎರಡು ಕಡೆ ಬಿಗಿಯಾದ ಕ್ಲಿಪ್‌ಗಳಿದ್ದವು. ಅವನು ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಎರಡೂ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿದಾಗ ಮುಚ್ಚಳ ಸಿಡಿದು ಸುಸಲಾ ನೆಲಕ್ಕೆ ಚೆಲ್ಲಿತು. ಈಗ ಸಡಿಲ ಮುಚ್ಚಳದ ಡಬ್ಬಿ ತಂದಿದ್ದೇವೆ, ಅದರಲ್ಲಿ ತುಪ್ಪ ಸವರಿದ ಚಪಾತಿಯ ಚಿಕ್ಕ ಸುರುಳಿಗಳನ್ನು ಇಡುತ್ತೇನೆ. ಜೋಳದ ರೊಟ್ಟಿ ಅವನಿಗೆ ಪ್ರಾಣ, ಆದರೆ ಆರಿದ ಮೇಲೆ ಬಿರುಸಾಗಿ ಪುಟ್ಟ ಹಲ್ಲಿಗೆ ಒಗ್ಗುವುದಿಲ್ಲ.

ಬರವಣಿಗೆಗೆ ನಾನು ಆತುರಪಟ್ಟಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8ರ ವಯಸ್ಸನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ ಆಟದ ಮೂಲಕ ಕಲಿಯುವುದಕ್ಕೆ ಒತ್ತು ಕೊಟ್ಟಿದೆ. ಪೆನ್ಸಿಲ್ ಹಿಡಿಯಲು ಮೊದಲು ಬೆರಳಿಗೆ ಬಲ ಬೇಕು. ಅದಕ್ಕೆ ನಮ್ಮ ಅಡುಗೆಮನೆಯೇ ಸಾಕಾಗಿದೆ. ಅಜ್ಜಿ ರೊಟ್ಟಿ ಬಡಿಯುವಾಗ ಅವನಿಗೂ ಒಂದು ಉಂಡೆ ಹಿಟ್ಟು ಸಿಗುತ್ತದೆ. ಮೊರದಲ್ಲಿ ತೊಗರಿ ಮತ್ತು ಜೋಳವನ್ನು ಬೆರೆಸಿ ಕೊಟ್ಟರೆ, ನಾಲಿಗೆಯನ್ನು ಹೊರಗೆ ಚಾಚಿಕೊಂಡು ಒಂದೊಂದೇ ಕಾಳನ್ನು ಹೆಕ್ಕಿ ಎರಡು ಬಟ್ಟಲಿಗೆ ಹಾಕುತ್ತಾನೆ. ನಿನ್ನೆ ಹೀಗೆ ಅರ್ಧ ಗಂಟೆ ಕೂತಿದ್ದ. ಮುಗಿಸಿದ ಮೇಲೆ ಎರಡೂ ಬಟ್ಟಲನ್ನು ಮತ್ತೆ ಮೊರಕ್ಕೆ ಸುರಿದು, "ಇನ್ನೊಮ್ಮೆ" ಎಂದ.