ಹಸಿರು ಬಳೆ, ಒಂದು ಡಜನ್

ಇವತ್ತು ಹುಬ್ಬಳ್ಳಿಯ ದುರ್ಗದಬೈಲಿನ ಬಳೆ ಅಂಗಡಿಯಲ್ಲಿ ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದವರು ನಮ್ಮ ಭಾಗದ ನಾಯಕರೊಬ್ಬರ ಹೆಂಡತಿ.

ಗುರುತು ಹತ್ತಲು ಒಂದು ನಿಮಿಷ ಬೇಕಾಯಿತು. ಫ್ಲೆಕ್ಸ್‌ಗಳಲ್ಲಿ ಅವರು ಯಾವಾಗಲೂ ಕೈ ಮುಗಿದುಕೊಂಡೇ ಇರುತ್ತಾರೆ.

"ಎರಡು-ನಾಲ್ಕರ ಅಳತೆ ಆಗುವುದಿಲ್ಲ ಅಕ್ಕನವರೇ, ಎರಡು-ಆರು ಹಾಕುತ್ತೇನೆ" ಎಂದ ಬಳೆಗಾರ.

"ಮೊದಲು ನಾಲ್ಕೇ ಆಗುತ್ತಿತ್ತಲ್ಲ!"

ಹಟ. ಸರಿ, ಸೋಪಿನ ನೊರೆ ಹಚ್ಚಿ, ಹೆಬ್ಬೆರಳಿನ ಬುಡ ಒತ್ತಿ ಒಂದೊಂದಾಗಿ ಏರಿಸತೊಡಗಿದ. ಮೂರನೆಯದು ಟಪ್ ಎಂದಿತು. ಇಬ್ಬರೂ ನಕ್ಕರು. ಕೊನೆಗೆ ಅಕ್ಕನವರು ಎರಡು-ಆರಕ್ಕೇ ಬಂದರು.

ಅಷ್ಟರಲ್ಲಿ ಮೊಬೈಲ್. ತೆರೆಯ ಮೇಲೆ 'ಪಿ.ಎ.' ಎಂದಿತ್ತು. ಎರಡೂ ಕೈ ನೊರೆ. "ಸ್ವಲ್ಪ ಕಿವಿಗೆ ಹಿಡಿಯುತ್ತೀರಾ?" ಎಂದು ನನ್ನನ್ನೇ ಕೇಳಿದರು. ಹಿಡಿದೆ. ಬೇಡವೆಂದರೂ ಕೇಳಿಸಿತು: ಸಾಹೇಬರು ರಾತ್ರಿ ಊಟಕ್ಕೆ ಬರುವುದಿಲ್ಲವಂತೆ.

"ಆಗಲಿ."

ಚುನಾವಣೆಗೆ ನಿಂತವರು ಹೆಂಡತಿಯ ಅಥವಾ ಗಂಡನ ಆಸ್ತಿಯನ್ನೂ ಪ್ರಮಾಣಪತ್ರದಲ್ಲಿ ಬರೆಯಬೇಕು. 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದ ನಿಯಮ. ಒಳ್ಳೆಯದೇ, ಬೇಕಾದದ್ದೇ. ಕಳೆದ ಸಲ ನಾನೂ ಕುಳಿತು ಓದಿದ್ದೆ, ಕರ್ತವ್ಯಕ್ಕಿಂತ ಕುತೂಹಲವೇ ಹೆಚ್ಚು ಎನ್ನಿ. ಹಾಗಾಗಿ ಇವರ ಬಂಗಾರ ಎಷ್ಟು ಗ್ರಾಂ, ಸಾಲ ಎಷ್ಟು ಎಂಬುದೆಲ್ಲ ನನಗೆ ಗೊತ್ತು. ಅವರಿಗೆ ನನ್ನ ಹೆಸರೂ ಗೊತ್ತಿಲ್ಲ. ಫೋನು ಹಿಡಿದಿದ್ದ ನನ್ನ ಕೈಗೆ ಅದೇಕೋ ಸ್ವಲ್ಪ ನಾಚಿಕೆಯಾಯಿತು.

ಕಾರಿನ ಚಾಲಕ ಬಾಗಿಲು ತೆರೆದು ನಿಂತಿದ್ದ. ಅವರು ಅತ್ತ ಹೋಗಲಿಲ್ಲ. "ಒಬ್ಬಳಿಗೆ ಏನು ಅಡುಗೆ ಮಾಡುವುದು" ಎನ್ನುತ್ತ ಗಿರಮಿಟ್ ಗಾಡಿಯ ಕಡೆ ತಿರುಗಿದರು.

ಜೊತೆಗೆ ಎರಡು ಮಿರ್ಚಿ ಹೇಳಿದರು. ಒಂದು ನನಗೆ.